ಮಲೆನಾಡಿನ ರಸ್ತೆಯಲ್ಲಿ ಮನೆಯ ಎಸ್‌ಯುವಿ: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ

ಐದು ಜನ ಕೂರುವ, ಕೈಗೆಟಕುವ ಬೆಲೆಯ ಎಸ್‌ಯುವಿ ಈಗ ಶಿವಮೊಗ್ಗ ಜಿಲ್ಲೆಯ ಊರೂರಲ್ಲೂ ಕಾಣುತ್ತದೆ. 2012ರಲ್ಲಿ ಡಸ್ಟರ್, 2015ರಲ್ಲಿ ಕ್ರೆಟಾ ಬಂದ ಮೇಲೆ ಈ ಗಾತ್ರದ ಗಾಡಿ ಜನರಿಗೆ ರೂಢಿಯಾಯಿತು. ಆಮೇಲೆ ಸೆಲ್ಟೋಸ್, ಕುಶಾಕ್, ಗ್ರ್ಯಾಂಡ್ ವಿಟಾರಾ, ಎಲಿವೇಟ್ ಅಂತ ಸಾಲು ಬೆಳೆಯಿತು. ಹೆಸರು ಬೇರೆ ಬೇರೆ, ಒಳಗಿನ ಕಟ್ಟು ಮಾತ್ರ ಹೆಚ್ಚುಕಡಿಮೆ ಒಂದೇ. ಬಹುತೇಕ ಒಂದೂವರೆ ಲೀಟರ್ ಎಂಜಿನ್, ಎಳೆಯುವುದು ಮುಂದಿನ ಚಕ್ರ, ಗುಂಡಿಯ ಪೆಟ್ಟು ತಡೆಯಲು ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ), ಹಿಂದೆ ಟಾರ್ಷನ್ ಬೀಮ್ (ಎರಡು ಚಕ್ರ ಜೋಡಿಸುವ ಅಡ್ಡಪಟ್ಟಿ). ಹಾಗಾಗಿ ದೋಷ ಹುಡುಕುವ ದಾರಿಯೂ ಎಲ್ಲದಕ್ಕೂ ಒಂದೇ.

ನಮ್ಮ ಕಡೆಯ ಮಾಲೀಕರ ದೂರುಗಳನ್ನು ಕೇಳುತ್ತಾ ಬಂದವನಾಗಿ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಅರ್ಧಕ್ಕಿಂತ ಜಾಸ್ತಿ ತೊಂದರೆ ಹುಟ್ಟುವುದು ಗಾಡಿಯಿಂದಲ್ಲ, ಗಾಡಿ ಓಡುವ ಜಾಗದಿಂದ. ನಾಲ್ಕೈದು ತಿಂಗಳ ಮಳೆ, ಏರು-ಇಳಿಜಾರು, ತೋಟದ ಮಣ್ಣು ರಸ್ತೆ, ಮನೆಯಿಂದ ಪೇಟೆಗೆ ಎರಡು ಮೂರು ಕಿಲೋಮೀಟರಿನ ಓಡಾಟ, ರಾತ್ರಿ ಬಾನೆಟ್ ಒಳಗೆ ಮಲಗುವ ಇಲಿ. ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಬಿಡಿಭಾಗ ಬದಲಿಸಲು ಹೊರಟರೆ ದುಡ್ಡು ಹೋಗುತ್ತದೆ, ದೋಷ ಹಾಗೇ ಉಳಿಯುತ್ತದೆ.

ಮೊದಲು ಯಾವಾಗ ಅಂತ ಕೇಳಿಕೊಳ್ಳಿ

ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಮಾತು ಹೀಗೆ ನಡೆಯುತ್ತದೆ.

"ಎಂತ ಆಯ್ತು ಸರ್?"

"ಗಾಡಿ ಎಳೆಯಲ್ಲ ಮಾರಾಯ್ರೆ."

ಇಷ್ಟರಿಂದ ಮೆಕ್ಯಾನಿಕ್ ಏನು ಹಿಡಿಯಬೇಕು? ಅವನು ಏರ್ ಫಿಲ್ಟರ್ ಬದಲಿಸುತ್ತಾನೆ. ಆಗದಿದ್ದರೆ ಡೀಸೆಲ್ ಫಿಲ್ಟರ್. ಆಮೇಲೆ ಇಂಜೆಕ್ಟರ್ ಕಡೆ ಬೆರಳು ತೋರಿಸುತ್ತಾನೆ. ಅದೇ ಮಾತನ್ನು "ಎರಡು ಸಾವಿರ ಆರ್‌ಪಿಎಂ ತನಕ ಸರಿಯಿದೆ, ಅದರ ಮೇಲೆ ಏರು ಹತ್ತುವಾಗ ಎಳೆಯಲ್ಲ, ಬಾನೆಟ್ ಕಡೆಯಿಂದ ಸುಯ್ ಅನ್ನುತ್ತೆ" ಅಂತ ಹೇಳಿ ನೋಡಿ. ಅವನು ನೇರವಾಗಿ ಟರ್ಬೊ ಪೈಪಿಗೆ ಕೈ ಹಾಕುತ್ತಾನೆ. (ಆರ್‌ಪಿಎಂ ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ.)

ಗಾಡಿ ಕೊಡುವ ಮೊದಲು ನೀವೇ ನೋಡಿಕೊಳ್ಳಬೇಕಾದದ್ದು ಜಾಸ್ತಿ ಏನಿಲ್ಲ. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ಮಳೆಯಲ್ಲಿ ಮಾತ್ರವೋ, ಒಣ ರಸ್ತೆಯಲ್ಲೂ ಉಂಟೋ? ಏರಿನಲ್ಲೋ, ಇಳಿಜಾರಿನಲ್ಲೋ, ತಿರುವಿನಲ್ಲೋ? ಒಬ್ಬರೇ ಇದ್ದಾಗಲೂ ಬರುತ್ತದೋ, ಮನೆಮಂದಿ ಎಲ್ಲ ಕೂತಾಗ ಮಾತ್ರವೋ? ಶಬ್ದವಾದರೆ ವೇಗದ ಜೊತೆ ಏರುತ್ತದೋ, ಎಂಜಿನ್ ತಿರುಗುವುದರ ಜೊತೆ ಏರುತ್ತದೋ? ಇದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಶಬ್ದವನ್ನು ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಗ್ಯಾರೇಜಿಗೆ ಹೋದ ದಿನ ಗಾಡಿ ಸುಮ್ನೆ ಒಳ್ಳೆಯ ಹುಡುಗನ ಹಾಗೆ ಇದ್ದುಬಿಡುತ್ತದೆ, ಅಲ್ವಾ?

ಸ್ಟೀರಿಂಗ್ ಕೆಳಗೆ, ಡ್ರೈವರ್ ಮೊಣಕಾಲಿನ ಹತ್ತಿರ, ಗಾಡಿಯ ಕಂಪ್ಯೂಟರಿನಿಂದ ದೋಷ ಓದಲು ಒಬಿಡಿ ಅನ್ನುವ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ರೀಡರ್ ಕೆಲವು ನೂರು ರೂಪಾಯಿಂದ ಸಿಗುತ್ತದೆ. ಫೋನಿನಲ್ಲಿ ದೋಷದ ಕೋಡ್ ಓದಬಹುದು, ಓಡುವಾಗ ಎಂಜಿನ್ ಎಷ್ಟು ಬಿಸಿಯಿದೆ ಅಂತಲೂ ನೋಡಬಹುದು. ಒಂದು ಎಚ್ಚರಿಕೆ: ಕೋಡ್ ಓದಿ, ಬರೆದುಕೊಳ್ಳಿ, ಅಳಿಸಬೇಡಿ. ಅಳಿಸಿದರೆ ದೋಷ ಯಾವ ಪರಿಸ್ಥಿತಿಯಲ್ಲಿ ಬಂತು ಅಂತ ಕಂಪ್ಯೂಟರ್ ಹಿಡಿದಿಟ್ಟ ವಿವರವೂ ಹೋಗುತ್ತದೆ.

ಡೀಸೆಲ್ ಗಾಡಿ: ಫಿಲ್ಟರ್ ದೀಪ ಮತ್ತೆ ಮತ್ತೆ ಬಂದರೆ

ನಮ್ಮ ಭಾಗದಲ್ಲಿ ಅತಿ ಹೆಚ್ಚು ತಲೆನೋವು ಕೊಡುವುದು ಇದೇ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2020ರ ಏಪ್ರಿಲ್‌ನಿಂದ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂತು. ಅಲ್ಲಿಂದ ಈಚೆಗಿನ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಅದು ಹೊಗೆಯ ಮಸಿಯನ್ನು ಹಿಡಿದಿಡುತ್ತದೆ. ತುಂಬಿದಾಗ ಎಂಜಿನ್ ತಾನೇ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಬಿಸಿ ಮಾಡಿ, ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ ರೀಜನರೇಶನ್ ಅಂತ ಹೆಸರು, ಗ್ಯಾರೇಜಿನ ಬಾಯಲ್ಲಿ ಬರೀ ರೀಜನ್. ಈ ಕೆಲಸ ಮುಗಿಯಲು ಗಾಡಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಬೇಕು.

ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಲ್ಲಿ ಅಷ್ಟು ಹೊತ್ತು ಒಂದೇ ಸಮ ಓಡುವುದು ಎಲ್ಲಿ? ಮಕ್ಕಳನ್ನು ಶಾಲೆಗೆ ಬಿಡುವುದು, ಹಾಲಿನ ಡೈರಿ, ಅಡಿಕೆ ಮಂಡಿ, ಮದುವೆ ಮನೆ. ರೀಜನ್ ಶುರುವಾಗುವಷ್ಟರಲ್ಲಿ ಊರು ಬಂತು, ಕೀ ತಿರುಗಿಸಿ ಆಫ್. ಹೀಗೆ ಅರ್ಧಕ್ಕೆ ನಿಂತದ್ದು ಜಾಸ್ತಿಯಾದಾಗ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ.

ದೀಪ ಸ್ಥಿರವಾಗಿ ಉರಿಯುತ್ತಿದೆ, ಗಾಡಿ ಮಾಮೂಲಿನಂತೆ ಎಳೆಯುತ್ತಿದೆ ಅಂದರೆ ಗಾಬರಿ ಬೇಡ. ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇರಲಿ. ಕಾಲು ಭಾಗಕ್ಕಿಂತ ಕಮ್ಮಿ ಇದ್ದರೆ ಅನೇಕ ಕಾರುಗಳಲ್ಲಿ ರೀಜನ್ ಶುರುವೇ ಆಗುವುದಿಲ್ಲ. ಭದ್ರಾವತಿ, ತರೀಕೆರೆ ಕಡೆಯ ಹೆದ್ದಾರಿಗೆ ಹೋಗಿ ಅರವತ್ತರ ಮೇಲಿನ ವೇಗದಲ್ಲಿ, ಎರಡು ಸಾವಿರದ ಆಸುಪಾಸು ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಿ. ದೀಪ ಆರುತ್ತದೆ. ಘಟ್ಟದ ರಸ್ತೆ ಇದಕ್ಕೆ ಆಗುವುದಿಲ್ಲ. ಏರುವಾಗ ಬಿಸಿಯಾದದ್ದು ತಿರುವಿಗೆ ಬಂದಾಗ, ಇಳಿಯುವಾಗ ತಣ್ಣಗಾಗುತ್ತದೆ.

ರೀಜನ್ ನಡೆಯುತ್ತಿದೆ ಅಂತ ಗೊತ್ತಾಗುವುದು ಹೇಗೆ? ನಿಂತಾಗ ಆರ್‌ಪಿಎಂ ಮಾಮೂಲಿಗಿಂತ ತುಸು ಮೇಲಿರುತ್ತದೆ. ಸಿಗ್ನಲಿನಲ್ಲಿ ತಾನೇ ಆಫ್ ಆಗುವ ಎಂಜಿನ್ ಆಫ್ ಆಗುವುದಿಲ್ಲ. ಮೈಲೇಜ್ ಅಂಕಿ ದಿಢೀರನೆ ಇಳಿಯುತ್ತದೆ. ಗಾಡಿ ನಿಲ್ಲಿಸಿದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತದೆ, ಬಿಸಿ ವಾಸನೆ ಬರುತ್ತದೆ. ಇದನ್ನು ಎಂಜಿನ್ ಕೆಟ್ಟಿತು ಅಂದುಕೊಂಡು ಗ್ಯಾರೇಜಿಗೆ ಓಡಿದವರು ಬೇಕಾದಷ್ಟು ಜನ ಇದ್ದಾರೆ. ಇದು ದೋಷ ಅಲ್ಲ. ಆದರೆ ಆ ಹೊತ್ತಿನಲ್ಲಿ ಒಣಗಿದ ಅಡಿಕೆ ಸಿಪ್ಪೆ, ದರಗು, ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಕೆಳಗಿನ ಕೊಳವೆ ಬೆಂಕಿ ಹಿಡಿಸುವಷ್ಟು ಬಿಸಿಯಿರುತ್ತದೆ.

ದೀಪ ಮಿನುಗುತ್ತಿದ್ದರೆ, ಅಥವಾ ಜೊತೆಗೆ ಎಂಜಿನ್ ದೀಪವೂ ಬಂದು ಗಾಡಿ ಶಕ್ತಿ ಕಳೆದುಕೊಂಡರೆ ಹೆದ್ದಾರಿಯ ಮದ್ದು ಸಾಲುವುದಿಲ್ಲ. ಸ್ಕ್ಯಾನರ್ ಹಾಕಿ ಬಲವಂತದ ರೀಜನ್ ಮಾಡಿಸಬೇಕು. ಅದಕ್ಕೂ ಮುಂಚೆ ಆಯಿಲ್ ಕಡ್ಡಿ ಎಳೆದು ನೋಡಿ. ಅರ್ಧಕ್ಕೆ ನಿಂತ ರೀಜನ್‌ಗಳ ಡೀಸೆಲ್ ಎಂಜಿನ್ ಆಯಿಲಿಗೆ ಸೇರುತ್ತದೆ. ಮಟ್ಟ ಮೇಲಿನ ಗೆರೆ ದಾಟಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಮೊದಲು ಆಯಿಲ್ ಬದಲಿಸಬೇಕು. ಆಯಿಲ್ ಕಮ್ಮಿಯಾಗುವುದು ಎಲ್ಲರಿಗೂ ಗೊತ್ತು. ಜಾಸ್ತಿಯಾಗುವುದನ್ನು ಯಾರೂ ನೋಡುವುದಿಲ್ಲ.

ಹೆದ್ದಾರಿಯಲ್ಲಿ ಓಡಿಸಿದರೂ, ಬಲವಂತದ ರೀಜನ್ ಮಾಡಿಸಿದರೂ ದೀಪ ವಾರ ಹದಿನೈದು ದಿನಕ್ಕೆ ಮತ್ತೆ ಬಂದರೆ? ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. "ಫಿಲ್ಟರ್ ಹೋಗಿದೆ, ಬದಲಿಸಬೇಕು" ಅನ್ನುತ್ತಾರೆ. ಅದರ ಬೆಲೆ ಕೇಳಿದರೆ ಒಂದು ಹಳೆ ಬೈಕ್ ಬರುತ್ತದೆ. ಆದರೆ ಫಿಲ್ಟರ್ ತುಂಬುವುದು ಬೇರೆ ಯಾವುದೋ ದೋಷದ ಲಕ್ಷಣ ಇರಬಹುದು.

ತೀರ್ಥಹಳ್ಳಿಯಲ್ಲಿ ನನ್ನ ಭಾವನ ಗಾಡಿಗೆ ಹೀಗೇ ಆಯಿತು. ಒಂದು ಸರ್ವಿಸ್ ಸೆಂಟರಿನವರು ಫಿಲ್ಟರ್ ಬದಲಿಸಲೇಬೇಕು ಅಂದರು. ಭಾವ ಒಪ್ಪಲಿಲ್ಲ. "ಒಮ್ಮೆ ನೋಡು ಮಾರಾಯ" ಅಂತ ರೀಡರ್ ಹಾಕಿಸಿಕೊಂಡ. ಓಡುವಾಗ ಎಂಜಿನ್ ಬಿಸಿ ನೋಡಿದರೆ ಅರವತ್ತೈದರ ಮೇಲೆ ಹೋಗುತ್ತಲೇ ಇರಲಿಲ್ಲ. ಮಾಮೂಲಿಗೆ ಎಂಬತ್ತೈದರಿಂದ ತೊಂಬತ್ತೈದು ಡಿಗ್ರಿ ಇರಬೇಕು. ಎಂಜಿನ್ ತಣಿಸುವ ನೀರನ್ನು ಹಿಡಿದು ಬಿಡುವ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಕಚ್ಚಿಕೊಂಡಿತ್ತು. ಮಳೆಗಾಲದ ತಂಪಿನಲ್ಲಿ ಎಂಜಿನ್ ಬಿಸಿಯೇ ಆಗುತ್ತಿರಲಿಲ್ಲ. ಎಂಜಿನ್ ಬಿಸಿಯಾಗದಿದ್ದರೆ ಕಂಪ್ಯೂಟರ್ ರೀಜನ್‌ಗೆ ಅಪ್ಪಣೆ ಕೊಡುವುದಿಲ್ಲ. ಥರ್ಮೋಸ್ಟಾಟ್ ಹೊಸದು ಹಾಕಿದ ಮೇಲೆ ದೀಪದ ಕಾಟ ನಿಂತಿತು. ಫಿಲ್ಟರ್ ಇಂದಿಗೂ ಹಳೆಯದೇ.

ಹಾಗಾಗಿ ಫಿಲ್ಟರ್ ಬದಲಿಸುವ ಮಾತು ಬಂದರೆ ಕೋಡ್‌ಗಳನ್ನು ಒಟ್ಟಿಗೆ ಇಟ್ಟು ನೋಡಿ. ಪಿ2463 ಅಂದರೆ ಮಸಿ ತುಂಬಿದೆ ಅಂತ, ಅಷ್ಟೇ. ಅದರ ಜೊತೆ ಪಿ0128 ಇದ್ದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ, ಥರ್ಮೋಸ್ಟಾಟ್ ನೋಡಿ. ಪಿ0401 ಇದ್ದರೆ ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್‌ನಲ್ಲಿ ಹರಿವು ಕಮ್ಮಿ, ಮಸಿ ಕಟ್ಟಿರಬಹುದು. ಪಿ0299 ಇದ್ದರೆ ಟರ್ಬೊ ಒತ್ತಡ ಸಾಲುತ್ತಿಲ್ಲ. ಆಗ ಟರ್ಬೊ ಸತ್ತಿತು ಅಂದುಕೊಳ್ಳುವ ಮೊದಲು ದಪ್ಪ ರಬ್ಬರ್ ಪೈಪುಗಳ ಕ್ಲಿಪ್ ಹತ್ತಿರ ಬೆರಳಾಡಿಸಿ. ಆಯಿಲ್ ಜಿಡ್ಡಿನ ಜೊತೆ ಸೀಳು ಸಿಕ್ಕರೆ ಗಾಳಿ ಅಲ್ಲೇ ಸೋರುತ್ತಿದೆ. ಗಾಳಿ ಸೋರಿದರೆ ಡೀಸೆಲ್ ಸರಿಯಾಗಿ ಉರಿಯದೆ ಮಸಿ ಜಾಸ್ತಿ ಹುಟ್ಟುತ್ತದೆ. ಫಿಲ್ಟರಿನ ಎರಡು ಕಡೆಯಿಂದ ಒತ್ತಡದ ಸೆನ್ಸರಿಗೆ ಹೋಗುವ ಸಣ್ಣ ಪೈಪುಗಳನ್ನೂ ನೋಡಿಸಿ. ಅದು ಬಿರುಕು ಬಿಟ್ಟರೆ ಸೆನ್ಸರ್ ತಪ್ಪು ಲೆಕ್ಕ ಹೇಳುತ್ತದೆ. ಇದೆಲ್ಲ ಸರಿಯಿದ್ದು ಗಾಡಿ ಲಕ್ಷ ಕಿಲೋಮೀಟರ್ ದಾಟಿದ್ದರೆ ಮಾತ್ರ ಬೂದಿಯ ಬಗ್ಗೆ ಯೋಚಿಸಿ. ಮಸಿ ಸುಡುತ್ತದೆ, ಆಯಿಲಿನಿಂದ ಬಂದ ಬೂದಿ ಸುಡುವುದಿಲ್ಲ. ಅದನ್ನು ಬಿಚ್ಚಿ ತೊಳೆಸಬೇಕು ಇಲ್ಲವೇ ಬದಲಿಸಬೇಕು. ಬೂದಿ ಕಮ್ಮಿ ಬಿಡುವ ಆಯಿಲನ್ನೇ ಹಾಕಿಸಿ ಅಂತ ಕಂಪನಿಯವರು ಕೈಪಿಡಿಯಲ್ಲಿ ಬರೆಯುವುದು ಇದಕ್ಕೇ.

ಇನ್ನೊಂದು ಮಾತು, ಯಾರಿಗಾದರೂ ಬೇಜಾರಾದರೂ ಸರಿ. ದಿನಕ್ಕೆ ಹತ್ತು ಕಿಲೋಮೀಟರ್ ಒಳಗೇ ಓಡಿಸುವವರು ನಮ್ಮ ಕಡೆ ಡೀಸೆಲ್ ತೆಗೆದುಕೊಳ್ಳಬಾರದು. ಘಟ್ಟಕ್ಕೆ ಡೀಸೆಲ್ಲೇ ಬೇಕು ಅನ್ನುವುದು ಹಳೆಯ ಕಾಲದ ಮಾತು.

ಶಬ್ದ

ಕಿತ್ತುಹೋದ ರಸ್ತೆಯಲ್ಲಿ ನಿಧಾನ ಹೋಗುವಾಗ ಮುಂದಿನಿಂದ ಟಕ್ ಟಕ್ ಅನ್ನುತ್ತದೆ, ದೊಡ್ಡ ಹಂಪಿನಲ್ಲಿ ಬರುವುದಿಲ್ಲ. ಇದು ಸಾಮಾನ್ಯವಾಗಿ ಲಿಂಕ್ ರಾಡ್, ಗಾಡಿ ವಾಲದಂತೆ ತಡೆಯುವ ಅಡ್ಡ ಕಂಬಿಯನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಸರಳು. ಎರಡು ಚಕ್ರ ಒಟ್ಟಿಗೆ ಏರಿ ಇಳಿದರೆ ಅದಕ್ಕೆ ಕೆಲಸ ಇಲ್ಲ, ಒಂದು ಚಕ್ರ ಮಾತ್ರ ಗುಂಡಿಗೆ ಬಿದ್ದಾಗ ಅದಕ್ಕೆ ಪೆಟ್ಟು. ಹಾಗಾಗಿ ಪರೀಕ್ಷೆ ಸುಲಭ. ರಸ್ತೆಯಗಲ ಇರುವ ಹಂಪಿನ ಮೇಲೆ ನೇರವಾಗಿ ಹೋಗಿ, ಆಮೇಲೆ ಅದೇ ಹಂಪನ್ನು ಓರೆಯಾಗಿ ದಾಟಿ. ಓರೆಯಲ್ಲಿ ಮಾತ್ರ ಸದ್ದು ಬಂದರೆ ಲಿಂಕ್ ರಾಡ್ ಅಥವಾ ಅದರ ರಬ್ಬರ್ ಬುಷ್. ಅಗ್ಗದ ಕೆಲಸ. ಇದಕ್ಕೆ ಶಾಕ್ ಅಬ್ಸಾರ್ಬರ್ ಜೋಡಿ ಬದಲಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಬ್ರೇಕ್ ಹಿಡಿದಾಗ, ಬಿಟ್ಟಾಗ ಒಂದೊಂದೇ ಸಲ ಧಡ್ ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮ್‌ನ ಬುಷ್ ನೋಡಿ. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಮೇಲಿನಿಂದ ಕಿರ್ ಅಂದರೆ ಸ್ಟ್ರಟ್ ಮೇಲಿನ ಬೇರಿಂಗ್. ಪೂರ್ತಿ ತಿರುಗಿಸಿ ಮನೆಯಂಗಳದಿಂದ ಹೊರಡುವಾಗ ಕಟ ಕಟ ಕಟ ಅಂದರೆ ಡ್ರೈವ್ ಶಾಫ್ಟಿನ ಜಾಯಿಂಟ್. ಚಕ್ರದ ಒಳಮೈಗೆ ಗ್ರೀಸ್ ಚಿಮ್ಮಿದ್ದರೆ ಅದರ ರಬ್ಬರ್ ಬೂಟ್ ಹರಿದಿದೆ ಅಂತ ಅರ್ಥ. ಸದ್ದು ಬರುವ ಮೊದಲೇ ಬೂಟ್ ಹರಿದದ್ದು ಕಂಡರೆ ಬರೀ ಬೂಟಿನಲ್ಲಿ ಮುಗಿಯುತ್ತದೆ. ನಮ್ಮ ಕೆಸರು ಒಳಗೆ ಹೋದ ಮೇಲೆ ಜಾಯಿಂಟೇ ಹೋಗುತ್ತದೆ.

ವೇಗದ ಜೊತೆ ಏರುವ ಗುಂಯ್ ಶಬ್ದ ಟೈರಿನದ್ದೋ ಬೇರಿಂಗಿನದ್ದೋ ಅಂತ ಜಗಳ ಇದ್ದದ್ದೇ. ಹೊಸ ಡಾಂಬರಿನ ಮೇಲೆ ಬಂದಾಗ ಸದ್ದಿನ ಧಾಟಿ ಬದಲಾದರೆ ಟೈರ್. ರಸ್ತೆ ಬದಲಾದರೂ ಸದ್ದು ಅದೇ ಇದ್ದರೆ ಬೇರಿಂಗ್. ಯಾವ ಕಡೆಯದ್ದು? ಉದ್ದನೆಯ ಬಲ ತಿರುವಿನಲ್ಲಿ ಗಾಡಿಯ ಭಾರ ಎಡಕ್ಕೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಸಾಮಾನ್ಯವಾಗಿ ಎಡಗಡೆಯದ್ದು. ಮಂಡಗದ್ದೆ ಕಡೆಯ ತಿರುವುಗಳಲ್ಲಿ ಈ ಪರೀಕ್ಷೆ ಚೆನ್ನಾಗಿ ಆಗುತ್ತದೆ.

ಗಾಡಿ ಎಡಕ್ಕೆ ಎಳೆಯುತ್ತದೆ ಅನ್ನುವ ದೂರಿಗೆ ಅಲೈನ್‌ಮೆಂಟ್ ಮಾಡಿಸುವ ಮುಂಚೆ ಟೈರಿನ ಗಾಳಿ ನೋಡಿ. ರಸ್ತೆಗಳು ನೀರು ಹರಿಯಲಿ ಅಂತ ಅಂಚಿಗೆ ಇಳಿಜಾರಾಗಿರುತ್ತವೆ. ಎಡಗಡೆ ಓಡಿಸುವ ನಮಗೆ ಗಾಡಿ ತುಸು ಎಡಕ್ಕೆ ಜಾರುವುದು ಸಹಜ.

ಬ್ರೇಕ್ ಮತ್ತು ಇಳಿಜಾರು

ರಾತ್ರಿಯಿಡೀ ಮಳೆ ಹೊಡೆದ ಮೇಲೆ ಬೆಳಿಗ್ಗೆ ಮೊದಲ ಬ್ರೇಕಿಗೆ ಗರ್ರ್ ಅಂದರೆ ಡಿಸ್ಕಿನ ಮೇಲೆ ಕಟ್ಟಿದ ತೆಳು ತುಕ್ಕು. ನಾಲ್ಕಾರು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ಹೋಗದಿದ್ದರೆ ಪ್ಯಾಡ್ ನೋಡಬೇಕು. ಪ್ಯಾಡ್ ಸವೆದಾಗ ಒಂದು ಲೋಹದ ನಾಲಿಗೆ ಡಿಸ್ಕಿಗೆ ತಾಗಿ ಕೀಚ್ ಅನ್ನುವ ಹಾಗೆ ಅನೇಕ ಪ್ಯಾಡುಗಳನ್ನು ಮಾಡಿರುತ್ತಾರೆ. ಉಳಿದ ದಪ್ಪ ಮೂರು ಮಿಲಿಮೀಟರಿಗೆ ಬಂದರೆ ಘಟ್ಟದವರು ಕಾಯಬಾರದು.

ಮೈಲೇಜ್ ಇಳಿದಿದೆ, ಗಾಡಿ ಒಂದು ಕಡೆ ಎಳೆಯುತ್ತದೆ, ಒಂದು ಚಕ್ರದ ಹತ್ತಿರ ಸುಟ್ಟ ವಾಸನೆ. ಈ ಮೂರೂ ಸೇರಿದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಕಚ್ಚಿಕೊಂಡಿದೆ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಒಂದು ಮಾತ್ರ ಕಾವು ಬೀರುತ್ತಿದ್ದರೆ ಅಲ್ಲೇ. ಕೆಸರು ಸೇರಿ ಕ್ಯಾಲಿಪರ್ ಪಿನ್ ಗಟ್ಟಿಯಾಗುವುದು ನಮ್ಮಲ್ಲಿ ಮಾಮೂಲು. ತೊಳೆದು, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿದರೆ ಬಹಳ ಸಲ ಸರಿಯಾಗುತ್ತದೆ.

ಆಗುಂಬೆ ಘಾಟಿಯ ಹದಿನಾಲ್ಕು ಹಿಮ್ಮುರಿ ತಿರುವು ಇಳಿದು ಸೋಮೇಶ್ವರ ತಲುಪುವಷ್ಟರಲ್ಲಿ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಅನ್ನುವವರಿಗೆ ಎರಡು ಕಾರಣ ಇರಬಹುದು. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ಕಾದಿದೆ. ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತಿದೆ ಅಂದರೆ ಬ್ರೇಕ್ ಆಯಿಲ್ ಕುದಿದು ಆವಿಯಾಗುತ್ತಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯದ್ದು ಹೊಸತಾಗಿ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಷ್ಟು ಮಳೆ ಬೀಳುವ ಊರಿನವರು ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ತಪ್ಪಿಸಬಾರದು. ಎರಡೂ ಸಂದರ್ಭದಲ್ಲಿ ಗಾಡಿಯನ್ನು ಬದಿಗೆ ಹಾಕಿ ತಣ್ಣಗಾಗಲು ಬಿಡಿ. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಆಟೊಮ್ಯಾಟಿಕ್ ಇದ್ದರೆ ಡಿಯಲ್ಲಿ ಬಿಟ್ಟು ಬರೀ ಬ್ರೇಕ್ ತುಳಿಯಬೇಡಿ, ಗೇರನ್ನು ಕೈಯಿಂದ ಇಳಿಸಿ.

ಹುಲಿಕಲ್ ಘಾಟಿ ಹತ್ತುವಾಗ ಕ್ಲಚ್ ವಾಸನೆ ಬಂದರೆ ಒಂದು ಪರೀಕ್ಷೆ. ಸಪಾಟು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುತ್ತಾ ಪೂರ್ತಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಹಾರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹಾಗಾಗದಿದ್ದರೆ ಪ್ಲೇಟ್ ಚೆನ್ನಾಗಿದೆ, ಹಾಫ್ ಕ್ಲಚ್ ಅಭ್ಯಾಸ ಬಿಡಿಸಬೇಕು. ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ಇದ್ದವರು ಏರಿನ ಟ್ರಾಫಿಕ್ಕಿನಲ್ಲಿ ಗಾಡಿಯನ್ನು ಆಕ್ಸಿಲರೇಟರಿನಿಂದ ಹಿಡಿದು ನಿಲ್ಲಿಸಬಾರದು. ಬ್ರೇಕ್ ಹಿಡಿಯಿರಿ.

ಕಾಲಡಿ ನೀರು

ಕಾರ್ಪೆಟ್ ಒದ್ದೆಯಾಗಿದೆ ಅಂದರೆ ಮೊದಲು ಅದು ಎಂತಹ ನೀರು ಅಂತ ನೋಡಿ. ಜಿಡ್ಡಾಗಿ, ಸಿಹಿ ವಾಸನೆ ಇದ್ದರೆ ಕೂಲೆಂಟ್, ಹೀಟರ್ ಸೋರುತ್ತಿದೆ. ಬಾನೆಟ್ ಒಳಗಿನ ಡಬ್ಬಿಯಲ್ಲಿ ಮಟ್ಟ ಇಳಿದಿರುತ್ತದೆ. ಬರೀ ನೀರಾಗಿದ್ದು, ಮಳೆ ಇಲ್ಲದ ದಿನ ಎಸಿ ಹಾಕಿದಾಗಲೂ ಬಂದರೆ ಎಸಿಯ ನೀರು ಹೊರಗೆ ಬಿಡುವ ಪೈಪ್ ಕಟ್ಟಿದೆ. ಮಳೆ ಬಂದಾಗ ಮಾತ್ರ ಬಂದರೆ ಸನ್‌ರೂಫ್ ಅಥವಾ ವೈಪರ್ ಕೆಳಗಿನ ಚರಂಡಿ.

ಸನ್‌ರೂಫಿನ ರಬ್ಬರ್ ನೀರನ್ನು ಪೂರ್ತಿ ತಡೆಯಲು ಇರುವುದಲ್ಲ. ಒಳಗೆ ಬಂದ ನೀರು ಮೂಲೆಗಳ ಸಣ್ಣ ಪೈಪಿನಿಂದ ಕೆಳಗೆ ಹೋಗಬೇಕು. ಹಲಸಿನ ಮರದಡಿ ಗಾಡಿ ನಿಲ್ಲಿಸುವ ನಮ್ಮ ಮನೆಗಳಲ್ಲಿ ಆ ಪೈಪ್ ಕಟ್ಟಿಕೊಳ್ಳದೆ ಇರುತ್ತದೆಯೇ? ಸನ್‌ರೂಫ್ ತೆರೆದು ಮುಂದಿನ ಮೂಲೆಗೆ ಒಂದು ಲೋಟ ನೀರು ನಿಧಾನ ಸುರಿಯಿರಿ. ಸ್ವಲ್ಪ ಹೊತ್ತಿಗೆ ಗಾಡಿಯ ಕೆಳಗೆ ತೊಟ್ಟಿಕ್ಕಬೇಕು. ಮೂಲೆಯಲ್ಲೇ ನಿಂತರೆ ಕಟ್ಟಿದೆ. ಮೆತ್ತನೆಯ ನೈಲಾನ್ ದಾರ ತೂರಿಸಿ ಬಿಡಿಸಿ. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆಸಬೇಡಿ, ಒಳಗೆ ಪೈಪ್ ಕಳಚಿಕೊಂಡರೆ ಮೇಲ್ಛಾವಣಿ ಬಿಚ್ಚಬೇಕಾಗುತ್ತದೆ.

ರಸ್ತೆಯ ಮೇಲಿನ ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಇದರಲ್ಲಿ ಪರೀಕ್ಷೆ ಇಲ್ಲ. ಎಳೆಸಿಕೊಂಡು ಹೋಗಿ.

ಒಂದೇ ಸಲ ಎಲ್ಲ ದೀಪ

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ನೋಡುವುದು), ಸ್ಟೀರಿಂಗ್, ಹಿಲ್ ಹೋಲ್ಡ್ (ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಹಿಡಿಯುವುದು), ಎಲ್ಲ ದೀಪ ಒಟ್ಟಿಗೆ ಹತ್ತಿದರೆ ಎಲ್ಲವೂ ಒಟ್ಟಿಗೆ ಕೆಟ್ಟಿರುವುದಿಲ್ಲ. ಮೊದಲು ಬ್ಯಾಟರಿ. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು, 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ವಾರಗಟ್ಟಲೆ ನಿಲ್ಲುವ ಗಾಡಿಗೆ ಹೊರಗಿನಿಂದ ಹಾಕಿಸಿದ ಡ್ಯಾಶ್‌ಕ್ಯಾಮ್ ಇದ್ದರೆ ಅದನ್ನು ಕಿತ್ತು ನೋಡಿ.

ಬ್ಯಾಟರಿ ಸರಿಯಿದ್ದರೆ ಚಕ್ರದ ವೇಗದ ಸೆನ್ಸರ್. ನಾಲ್ಕರಲ್ಲಿ ಒಂದು ಸತ್ತರೂ ಅದನ್ನು ನಂಬಿದ ಎಲ್ಲ ವ್ಯವಸ್ಥೆಗಳೂ ದೀಪ ಹಾಕುತ್ತವೆ. ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರದ ವೇಗ ನೋಡುತ್ತಾ ನಿಧಾನ ಓಡಿಸಿದರೆ ಸೊನ್ನೆ ತೋರಿಸುವ ಚಕ್ರ ಸಿಕ್ಕಿಬೀಳುತ್ತದೆ. ಸೆನ್ಸರ್ ಕೊಳ್ಳುವ ಮೊದಲು ಅದರ ವೈರನ್ನು ಚಕ್ರದಿಂದ ಬಾಡಿಯವರೆಗೆ ಕಣ್ಣಿಟ್ಟು ನೋಡಿ. ಕೆಸರಿನಲ್ಲಿ ಸಿಕ್ಕ ಕಡ್ಡಿ ಎಳೆದಿರಬಹುದು, ಇಲಿ ಕಡಿದಿರಬಹುದು. ಬಾನೆಟ್ ಒಳಗಿನ ದಪ್ಪ ಹೊದಿಕೆ ಹರಿದಿದ್ದರೆ, ಬ್ಯಾಟರಿ ಪಕ್ಕ ಭತ್ತದ ಹೊಟ್ಟು, ಹಿಕ್ಕೆ ಇದ್ದರೆ ಅಪರಾಧಿ ಗೊತ್ತಾಯಿತು. ಹೊಗೆಸೊಪ್ಪು, ನುಸಿಗುಳಿಗೆ ಕೆಲವು ದಿನ ಕೆಲಸ ಮಾಡುತ್ತವೆ, ವಾಸನೆ ಹೋದ ಮೇಲೆ ಇಲ್ಲ. ಗಾಡಿಯ ಪಕ್ಕ ಭತ್ತದ ಚೀಲ, ಹಿಂಡಿ ಇಡದಿರುವುದೇ ಮೇಲು.

ಕಡಿದ ವೈರನ್ನು ಬೆಸುಗೆ ಹಾಕಿಸಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿಸಿ. ಬರೀ ಕೈಯಲ್ಲಿ ತಿರುಚಿ ಟೇಪ್ ಸುತ್ತಿದರೆ ಆಷಾಢದ ಹೊತ್ತಿಗೆ ಒಳಗೆ ಹಸಿರು ಕಟ್ಟುತ್ತದೆ. ಜೋಡಿಸಿದ ಜಾಗದ ಫೋಟೊ ತೆಗೆದು, ದಿನಾಂಕ ಮತ್ತು ಆಗ ಬಂದಿದ್ದ ಕೋಡ್ ಜೊತೆ ಫೋನಿನಲ್ಲಿ ಇಟ್ಟುಕೊಳ್ಳಿ. ಅದೇ ದೀಪ ಮತ್ತೆ ಬಂದರೆ ಮೆಕ್ಯಾನಿಕ್ ಮೊದಲು ನೋಡಬೇಕಾದ್ದು ಆ ಜೋಡಣೆಯನ್ನೇ.